ಚಿಕ್ಕಯ್ಯ ಕೊರೆದ ಚೊಂಬು

“ಅವ್ವಾ, ಆ ತಾತ ಬಿಂದಿಗೆನ ಯಾಕೆ ಕಾಲಿಗೆ ಕಟ್ಟಾಕವ್ನೆ? ಬುಟ್ರೆ ಓಡೋಯ್ತದಾ?”

ಮಗಳು ಶಿವಿ ಇದನ್ನು ಕೇಳಿದಾಗ ಅವಳಿಗೆ ಮೂರು ವರ್ಷ ತುಂಬಿ ನಾಲ್ಕು ತಿಂಗಳಾಗಿತ್ತು. ೧೯೮೦ನೇ ಇಸವಿ, ಆಷಾಢದ ಗಾಳಿಯ ದಿನ. ಅಂದಿನ ಡೈರಿಯ ಪುಟದಲ್ಲಿ ಈ ಒಂದು ಸಾಲು ಬಿಟ್ಟು ಬೇರೇನೂ ಬರೆದಿಲ್ಲ. ನನ್ನ ಗಂಡನಿಗೆ ಸೊಸೈಟಿಯಲ್ಲಿ ಕೆಲಸ ಸಿಕ್ಕಿ, ತಿಗನಾರೆಯ ಅತ್ತೆ ಮನೆ ಬಿಟ್ಟು ನಾವು ತಾಳವಾಡಿಗೆ ಬಂದು ಎರಡು ವಾರವಷ್ಟೇ ಆಗಿತ್ತು. ನಮ್ಮ ಬಾಡಿಗೆ ಮನೆಗೂ ರುದ್ರಸ್ವಾಮಿಯವರ ಪಾತ್ರೆ ಅಂಗಡಿಗೂ ನಡುವೆ ಒಂದೇ ಗೋಡೆ.

ಆ ಅಂಗಡಿಯ ಜಗಲಿಯ ತುದಿಯಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು ಒಬ್ಬ ಮನುಷ್ಯ ಕೂತಿದ್ದ. ಎಡಗಾಲು ಮಡಚಲಾಗದೆ ನೀಳವಾಗಿ ಚಾಚಿಕೊಂಡಿತ್ತು. ಮುಂದೆ ಮರಳು ತುಂಬಿದ ಗೋಣಿಯ ಸಿಂಬೆ, ಅದರ ಮೇಲೆ ಓರೆಯಾಗಿ ಮಲಗಿಸಿದ ಹಿತ್ತಾಳೆ ಬಿಂದಿಗೆ. ಬಿಂದಿಗೆಯ ಹೊಟ್ಟೆಯ ಮೇಲೆ ಒಂದು ತೊಗಲಿನ ಬಾರು ಹಾಯಿಸಿ, ಅದರ ಎರಡು ತುದಿ ಸೇರಿಸಿ ಗಂಟು ಹಾಕಿ, ಆ ಕುಣಿಕೆಯೊಳಗೆ ಬಲಗಾಲಿನ ಪಾದ ತೂರಿಸಿ ಕೆಳಕ್ಕೆ ಅದುಮಿದ್ದ. ಮಗುವಿನ ಮಾತು ಕೇಳಿ ಸುತ್ತಿಗೆ ನಿಲ್ಲಿಸಿದ.

“ಊಂ ಕಣಮ್ಮಣ್ಣಿ, ಓಡೋಯ್ತದೆ. ಇದ್ಕೆ ಕಾಲಿಲ್ಲ ಅಂತ ನಂಬ್ಬ್ಯಾಡ. ಬುಟ್ರೆ ಮೆಟ್ಲಿಳುದು ಸತ್ಯಮಂಗಲದ ಬಸ್ಸ ಅತ್ಬುಡ್ತದೆ,” ಅಂದ.

ಶಿವಿ ಅದನ್ನು ಪೂರ್ತಿ ನಂಬಿದಳು. ಅಂದಿನಿಂದ ಬಿಂದಿಗೆ ಓಡಿಹೋಗದಂತೆ ಕಾಯುವುದು ಅವಳ ಕೆಲಸವಾಯಿತು. ನಾನು ಒಲೆಯ ಮುಂದಿದ್ದರೂ ಮಗು ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ಸುತ್ತಿಗೆಯ ಟಿಕಿಟಿಕಿ ಎಲ್ಲಿಯೋ ಅಲ್ಲಿ ಅವಳು.

ಅವನ ಹೆಸರು ಚಿಕ್ಕಯ್ಯ. ಕೆಳಗಿನ ಕೇರಿಯವನು. ಹುಡುಗತನದಿಂದ ರುದ್ರಸ್ವಾಮಿಯವರ ತಂದೆಯ ಹೊಲದಲ್ಲಿ ಆಳಾಗಿದ್ದ. ಹಾಸನೂರಿನ ರಸ್ತೆ ಅಗಲ ಮಾಡುವಾಗ ಕಲ್ಲು ಒಡೆಯಲು ಹೋಗಿ, ಉರುಳಿದ ಗುಂಡಿನ ಕೆಳಗೆ ಎಡಗಾಲು ಸಿಕ್ಕಿ ಜಜ್ಜಿಹೋಯಿತು. ಗದ್ದೆ ಹೊಲದ ಕೆಲಸ ಅಲ್ಲಿಗೆ ಮುಗಿಯಿತು. ಜಗಲಿಯಲ್ಲಿ ಕೂತು ಪಾತ್ರೆ ಒರೆಸಿಕೊಂಡಿರಲಿ ಎಂದು ಹಿರಿಯರು ಜಾಗ ಕೊಟ್ಟರು. ಆಗೆಲ್ಲ ಮದುವೆಯ ತಿಂಗಳುಗಳಲ್ಲಿ ಸತ್ಯಮಂಗಲದಿಂದ ಹೆಸರು ಹಾಕುವವನೊಬ್ಬ ಬರುತ್ತಿದ್ದನಂತೆ. ಎರಡು ವರ್ಷ ಅವನ ಕೈಯನ್ನೇ ನೋಡುತ್ತ ಕೂತ ಚಿಕ್ಕಯ್ಯ, ಮೂರನೆಯ ವರ್ಷ ಮುರಿದ ಲಾಳದಿಂದ ತಾನೇ ಒಂದು ಉಳಿ ಮಾಡಿಕೊಂಡ. ನಾಲ್ಕನೆಯ ವರ್ಷ ಸತ್ಯಮಂಗಲದವನು ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ.

ಅವನಿಗೆ ಓದು ಬರುತ್ತಿರಲಿಲ್ಲ. ಕನ್ನಡವೂ ಇಲ್ಲ, ತಮಿಳೂ ಇಲ್ಲ. ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಗೆರೆ ತಪ್ಪದಂತೆ ಲೋಹಕ್ಕೆ ಇಳಿಸುತ್ತಿದ್ದ, ಅಷ್ಟೇ. ಶುರುವಿನಲ್ಲಿ ಒಂದು ತಮಿಳು ಹೆಸರನ್ನು ತಲೆಕೆಳಗಾಗಿ ಕೊರೆದುಬಿಟ್ಟಿದ್ದನಂತೆ. ಆಮೇಲಿಂದ ಚೀಟಿಯ ನೆತ್ತಿಯಲ್ಲಿ ಒಂದು ಚುಕ್ಕೆ ಇಡದೆ ಯಾರೂ ಅವನ ಕೈಗೆ ಕೊಡುವಂತಿರಲಿಲ್ಲ.

ನಮ್ಮ ಕಡೆ ಒಂದು ಕಟ್ಟುಪಾಡಿದೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ನಮ್ಮಂಥವರ ಮನೆಗೆ ಹೋಗುವ ಹೊಸ ಪಾತ್ರೆಯನ್ನು ಚಿಕ್ಕಯ್ಯ ಮುಟ್ಟಬಹುದು, ತೊಡೆಯ ಮೇಲಿಟ್ಟುಕೊಳ್ಳಬಹುದು, ಕಾಲಿನ ಬಾರಿನಲ್ಲಿ ಬಿಗಿಯಬಹುದು. ಹುಣಸೆಹಣ್ಣು ಹಾಕಿ ತಿಕ್ಕಿ ಒಮ್ಮೆ ಮನೆಯ ನೀರು ತುಂಬಿದ ಮೇಲೆ ಅದೇ ಪಾತ್ರೆ ಅವನ ಕೈಗೆ ಮತ್ತೆ ಬರುವಂತಿಲ್ಲ. ಅಂದರೆ ತಪ್ಪಿದರೆ ತಿದ್ದಲು ಎರಡನೆಯ ಅವಕಾಶವೇ ಇಲ್ಲ. ತನ್ನ ತಪ್ಪು ಇನ್ನೊಬ್ಬರ ಅಡುಗೆಮನೆಯಲ್ಲಿ, ತಾನು ಹೋಗಲಾಗದ ಕಡೆ, ಮೂರು ತಲೆಮಾರು ಕೂತಿರುತ್ತದೆ ಎಂಬ ಹೆದರಿಕೆಯಿಂದಲೇ ಅವನು ಅಷ್ಟು ಅಳತೆಯವನಾದನೋ ಏನೋ.

ನಾನು ಅವನ ಕೆಲಸದೊಳಗೆ ಸೇರಿದ್ದು ಹೀಗೆ. ಚೀಟಿ ಬರೆದುಕೊಡುತ್ತಿದ್ದ ಅಂಗಡಿಯ ಹಳೆಯ ಗುಮಾಸ್ತರು ಆ ವರ್ಷ ತೀರಿಕೊಂಡರು. ರುದ್ರಸ್ವಾಮಿಯವರ ಕೈಬರಹವನ್ನು ಅವರೇ ಓದಲಾರರು. “ತಂಗ್ಯವ್ವ, ನೀನು ಎಸ್ಸೆಸ್ಸೆಲ್ಸಿ ಓದೀಯಲ್ಲ, ಎರಡಕ್ಷರ ಬರ್ಕೊಡು,” ಎಂದು ಗೋಡೆಯಾಚೆಯಿಂದ ಕೂಗಿದರು. ಮಗು ಹೇಗೂ ಅಲ್ಲೇ ಇರುತ್ತಿತ್ತು. ಒಪ್ಪಿಕೊಂಡೆ.

ಮೊದಲ ವಾರ ನಾನು ಬರೆದ ಚೀಟಿಗಳಲ್ಲಿ ಅರ್ಧ ವಾಪಸು ಬಂದವು. ಒಬ್ಬ ಮದುವಣಗಿತ್ತಿಯ ಹೆಸರು ಚಿಕ್ಕಲಕ್ಷ್ಮಮ್ಮ. ದುಂಡಗೆ ಬರೆದುಕೊಟ್ಟು ಹೆಮ್ಮೆಯಿಂದ ನಿಂತಿದ್ದೆ. ಚಿಕ್ಕಯ್ಯ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದ.

“ಇದೇನವ್ವಾರೆ, ಈ ನಡುಮದ್ಯದೋರು ಮೂರು ಅಂತಸ್ತಿನ ಮನೆ ಕಟ್ಟವ್ರೆ? ಕೆಳಗಿನ ಸಾಲ್ನೋರು ಎಲ್ಲಿಗೋಗ್ಬೇಕು?”

ಕ್ಷ್ಮ ಅಕ್ಷರವನ್ನು ಅವನು ಹೇಳಿದ್ದು. ಒತ್ತಕ್ಷರ ಇರುವ ಹೆಸರಾದರೆ ಎರಡು ಸಾಲಿನ ನಡುವೆ ಒಂದು ಅಕ್ಷರದಷ್ಟೇ ಜಾಗ ಖಾಲಿ ಬಿಡಬೇಕು, ಒತ್ತನ್ನು ಮೇಲಿನ ಅಕ್ಷರದ ಅರ್ಧಕ್ಕಿಂತ ದೊಡ್ಡದು ಮಾಡಬಾರದು, ಆದರೆ ಅದರ ಸುಳಿಯನ್ನು ಮುಚ್ಚಲೂಬಾರದು ಎಂದು ಹೇಳಿಕೊಟ್ಟ. ಕಾಗದದ ಮೇಲೆ ಸಾಸಿವೆಯಷ್ಟು ತೆರೆದಿರುವ ಸುಳಿ ಉಳಿ ಬಿದ್ದಾಗ ಮುಚ್ಚಿಹೋಗುತ್ತದೆ. ಬರೆಯುವವಳು ಕಡಲೆಕಾಳಿನಷ್ಟು ತೆರೆದಿಟ್ಟರೆ ಕೊರೆಯುವವನಿಗೆ ಸಾಸಿವೆಯಷ್ಟು ಉಳಿಯುತ್ತದೆ. ನನ್ನ ಕೈಬರಹ ಆ ವರ್ಷ ಬದಲಾಯಿತು. ಡೈರಿಯ ಹಾಳೆಗಳಲ್ಲೂ ಕಾಣುತ್ತದೆ, ಸುಳಿಗಳೆಲ್ಲ ಬಾಯಿ ಬಿಟ್ಟುಕೊಂಡಿವೆ.

ಮೊದಲು ಪಾತ್ರೆಗೆ ತೆಳ್ಳಗೆ ಸುಣ್ಣದ ನೀರು ಬಳಿದು ಒಣಗಿಸುತ್ತಿದ್ದ. ಬಿಳಿಯ ಮೇಲೆ ಎಳೆದ ಗೆರೆ ಹೊಳೆಯುವ ಹಿತ್ತಾಳೆಯ ಮೇಲೆ ಎಳೆದಂತೆ ಕಣ್ಣಿಗೆ ಮೋಸ ಮಾಡುವುದಿಲ್ಲ. ಗೆರೆ ಎಳೆಯಲು ಅವನ ಬಳಿ ಅಳತೆಪಟ್ಟಿ ಇರಲಿಲ್ಲ. ಒಂದು ಇಟ್ಟಿಗೆ, ಅದರ ಮೇಲೊಂದು ಮರದ ತುಂಡು, ಮರಕ್ಕೆ ಚುಚ್ಚಿದ ಗೋಣಿ ಹೊಲಿಯುವ ದಬ್ಬಳ. ದಬ್ಬಳ ಅಲ್ಲಾಡುವಂತಿಲ್ಲ, ಬಿಂದಿಗೆಯನ್ನು ಅದಕ್ಕೆ ತಾಗಿಸಿ ನಿಧಾನ ಒಂದು ಸುತ್ತು ತಿರುಗಿಸಿದರೆ ಹೊಟ್ಟೆಯ ಸುತ್ತ ಒಂದೇ ಮಟ್ಟದ ಗೆರೆ. ಕೆಳಗೊಂದು ಹಲಗೆಚೂರು ಸೇರಿಸಿ ಮತ್ತೆ ತಿರುಗಿಸಿದರೆ ಅದರ ಮೇಲಿನ ಗೆರೆ. ಬೆಸುಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿ, ಅಲ್ಲಿಂದ ಒಂದು ದಾರ ಸುತ್ತಿ, ದಾರವನ್ನು ಎರಡಾಗಿ ಮಡಚಿದರೆ ನಡು ಸಿಕ್ಕಿತು. ನಡುವಿನ ಅಕ್ಷರ ಮೊದಲು ಗುರುತು ಮಾಡಬೇಕು, ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಓದು ಬಲ್ಲವರು ಮೊದಲಿಂದ ಶುರು ಮಾಡಿ ಕೊನೆಯ ಅಕ್ಷರವನ್ನು ಬೆಸುಗೆಯ ಮೇಲೆ ಹತ್ತಿಸುತ್ತಾರಂತೆ. ತನಗೆ ಓದು ಬಾರದ್ದರಿಂದ ಆ ಕಷ್ಟವಿಲ್ಲ ಎನ್ನುತ್ತಿದ್ದ.

ಹಿಡಿತದ ವಿಷಯದಲ್ಲಂತೂ ಅವನಿಗೆ ಮಾತು ಮುಗಿಯುತ್ತಿರಲಿಲ್ಲ. ಬಿಂದಿಗೆಗೆ ಬಾರು ಸಾಕು. ತೆಳು ಚೊಂಬಾದರೆ ಒಳಗೆ ಒದ್ದೆ ಮರಳು ಗಿಡಿದು ಬಾಯಿಗೆ ಬಟ್ಟೆ ತುರುಕಬೇಕು, ಇಲ್ಲವಾದರೆ ಪೆಟ್ಟಿಗೊಂದು ತಗ್ಗು ಬೀಳುತ್ತದೆ. ಸ್ಟೀಲು ತಟ್ಟೆಗಳು ಬಂದ ಮೇಲೆ ಅರಗಿನ ಹಲಗೆ ಮಾಡಿಕೊಂಡ. ಕಾಡಿನ ರಾಳ, ಇಟ್ಟಿಗೆಪುಡಿ, ಒಂದು ಚೂರು ಹರಳೆಣ್ಣೆ ಕಾಯಿಸಿ ಹಲಗೆಯ ಮೇಲೆ ಹುಯ್ದು, ಬಿಸಿ ಇರುವಾಗಲೇ ತಟ್ಟೆ ಒತ್ತುವುದು. ಚಳಿಗಾಲದಲ್ಲಿ ಎಣ್ಣೆ ಒಂದು ತೊಟ್ಟು ಹೆಚ್ಚು, ಇಲ್ಲದಿದ್ದರೆ ಅರಗು ಬಿರಿದು ತಟ್ಟೆ ಹಾರುತ್ತದೆ. ಬೇಸಿಗೆಯಲ್ಲಿ ಇಟ್ಟಿಗೆಪುಡಿ ಹೆಚ್ಚು, ಇಲ್ಲದಿದ್ದರೆ ತಟ್ಟೆ ಜಾರುತ್ತದೆ. ಅಕ್ಷರದ ಬಳುಕು ಬಂದಾಗ ಉಳಿ ತಿರುಗಿಸಬಾರದು, ಪಾತ್ರೆ ತಿರುಗಿಸಬೇಕು. ಎಡಗೈ ಯಾವತ್ತೂ ಉಳಿಯ ಹಿಂದೆ ಇರಬೇಕು, ಮುಂದೆ ಅಲ್ಲ.

“ಉಳಿ ಕೊರೆಯಾಕಿಲ್ಲ ಕಣವ್ವ, ಇಡಿತ ಕೊರೀತದೆ,” ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅಡುಗೆಮನೆಯಲ್ಲಿ ಕುಂಬಳಕಾಯಿ ಕೊಯ್ಯುವಾಗಲೂ ನನಗೆ ಆ ಮಾತು ನೆನಪಾಗುತ್ತದೆ.

ತಾಳವಾಡಿಯ ಸುತ್ತ ಯಾರ ಮನೆಯಲ್ಲಿ ಪಾತ್ರೆ ಮಗುಚಿ ನೋಡಿದರೂ ಚಿಕ್ಕಯ್ಯನ ಅಕ್ಷರವಿದೆ. ಅವನ ಸ್ವಂತ ಮನೆಯಲ್ಲಿ ಅಕ್ಷರ ಇರುವುದು ಒಂದೇ ಒಂದು ಚೊಂಬಿನ ಮೇಲೆ. ಅದರ ಕತೆಯನ್ನು ರುದ್ರಸ್ವಾಮಿಯವರು ಒಂದು ಮಧ್ಯಾಹ್ನ, ಚಿಕ್ಕಯ್ಯ ಊಟಕ್ಕೆ ಹೋಗಿದ್ದಾಗ, ದನಿ ತಗ್ಗಿಸಿ ಹೇಳಿದರು.

ಚಿಕ್ಕಯ್ಯನಿಗೂ ಅವನ ಹೆಂಡತಿ ಕೆಂಚಮ್ಮನಿಗೂ ಇಬ್ಬರು ಮಕ್ಕಳು ಹುಟ್ಟಿದ ವಾರದಲ್ಲೇ ಹೋಗಿ, ಮೂರನೆಯದಾಗಿ ಉಳಿದವಳು ಮಾದಿ. ಆ ಮನೆತನದಲ್ಲೇ ಶಾಲೆಯ ಮೆಟ್ಟಿಲು ಹತ್ತಿದ ಮೊದಲನೆಯವಳು. ಎಪ್ಪತ್ತೊಂದರಲ್ಲಿ, ಎರಡನೇ ಕ್ಲಾಸಿನಲ್ಲಿರುವಾಗ, ಒಂದು ಸಂಜೆ ಶಾಲೆಯಿಂದ ಬಂದು ಜ್ವರ ಎಂದು ಮಲಗಿದಳು. ನಾಲ್ಕನೆಯ ದಿನ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಕೆಂಚಮ್ಮನ ಕಣ್ಣಿಗೆ ಬಿದ್ದದ್ದು ಗೂಡಿನಲ್ಲಿದ್ದ ಸ್ಲೇಟು. ಅದರ ಮೇಲೆ ಮಗು ಬರೆದ ನಾಲ್ಕು ಅಕ್ಷರ ಅಳಿಯದೆ ಹಾಗೇ ಇದ್ದವು. ದಿನಾ ಸ್ಲೇಟಿನ ಮೇಲೆ ತನ್ನ ಹೆಸರು ಬರೆದು ತೋರಿಸುತ್ತಿದ್ದವಳು, ಇದೂ ಅದೇ ಎಂದುಕೊಂಡರು. ಒಂದು ಫೋಟೋ ಇಲ್ಲ, ಗೋರಿಗೆ ಕಲ್ಲಿಲ್ಲ. ಬಳಪದ ಬರಹ ಇವತ್ತಲ್ಲ ನಾಳೆ ಉದುರುತ್ತದೆ. ಉದುರುವ ಮೊದಲು ಅದನ್ನು ಚೊಂಬಿಗೆ ಇಳಿಸಿಕೊಡು ಎಂದು ಕೆಂಚಮ್ಮ ಗಂಡನ ಮುಂದೆ ಕೂತಳಂತೆ. ಅಂಗಡಿಯಿಂದ ಒಂದು ಹಿತ್ತಾಳೆ ಚೊಂಬು ಒಯ್ದು, ಮೂರು ದಿನ ಮನೆಯಲ್ಲೇ ಕೂತು ಚಿಕ್ಕಯ್ಯ ಕೊರೆದ. ಅದನ್ನು ಅಂಗಡಿಗೆ ತಂದು ಯಾರಿಗೂ ತೋರಿಸಲಿಲ್ಲ. ಮಗಳ ಹೆಸರನ್ನು ತೋರಿಸಿಕೊಂಡು ತಿರುಗಲು ಅದೇನು ಮಾರುವ ಮಾಲೇ ಎಂದನಂತೆ.

ಆ ಚೊಂಬನ್ನು ನಾನು ಕಂಡದ್ದು ಮಾರನೆಯ ವರ್ಷ ಮಾಘದಲ್ಲಿ. ಉಳಿ ಜಾರಿ ಚಿಕ್ಕಯ್ಯನ ಬಲಪಾದಕ್ಕೆ ನೆಟ್ಟು, ಗಾಯ ಕೀವಾಗಿ, ಒಂದು ವಾರದಿಂದ ಅವನು ಅಂಗಡಿಗೆ ಬಂದಿರಲಿಲ್ಲ. ಬಿಂದಿಗೆ ಎಲ್ಲಾ ಓಡಿಹೋಗುತ್ತವೆ ಎಂದು ಶಿವಿ ದಿನವೂ ಅಳುತ್ತಿದ್ದಳು. ಗಾಯಕ್ಕೆ ಮುಲಾಮು, ಒಂದು ಸೇರು ಅಕ್ಕಿ ತೆಗೆದುಕೊಂಡು ಅವಳ ಕೈ ಹಿಡಿದು ಕೆಳಗಿನ ಕೇರಿಗೆ ಹೋದೆ. ನಮ್ಮ ಮನೆಗಳ ಹೆಂಗಸರು ಆ ಬೀದಿಗೆ ಹೋಗುವುದಿಲ್ಲ. ಹೋದರೂ ಅಂಗಳದಲ್ಲಿ ನಿಂತು ಆಳು ಕರೆದು ಬರುತ್ತಾರೆ. ನಾನೂ ಹಾಗೇ ನಿಲ್ಲುತ್ತಿದ್ದೆನೋ ಏನೋ, ಆದರೆ ಮಗು ಕೈ ಬಿಡಿಸಿಕೊಂಡು ನೇರ ಒಳಗೆ ಓಡಿತು. ಹಿಂದೆಯೇ ನಾನು ತಲೆ ಬಗ್ಗಿಸಿ ಒಳಗೆ ಹೋದೆ.

ಅಮಾವಾಸ್ಯೆಯ ದಿನ, ಕೂಲಿಗೆ ಬಿಡುವು. ಕೆಂಚಮ್ಮ ಬೂದಿ ಹುಣಸೆಹಣ್ಣು ಹಾಕಿ ಒಂದೇ ಒಂದು ಚೊಂಬನ್ನು ತಿಕ್ಕುತ್ತ ಕೂತಿದ್ದಳು. ನಮ್ಮನ್ನು ಕಂಡು ಗಾಬರಿಯಿಂದ ಎದ್ದು, ಎಲ್ಲಿ ಕೂರಿಸಬೇಕೆಂದು ತಿಳಿಯದೆ ಸೆರಗಿನಿಂದ ನೆಲ ಒರೆಸಿದಳು. ಮೂಲೆಯಲ್ಲಿ ಚಾಪೆಯ ಮೇಲೆ ಚಿಕ್ಕಯ್ಯ ಕಾಲು ಎತ್ತರಿಸಿ ಮಲಗಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೆಂಚಮ್ಮ ತಾನಾಗಿಯೇ ಚೊಂಬು ತೊಳೆದು, ಒರೆಸಿ, ನನ್ನ ಕೈಗಿಟ್ಟಳು.

“ನನ್ ಮಗ್ಳು ಬರ್ದಿರಾದು ಕಣವ್ವ. ಓದು ಬಲ್ಲೋರ ಬಾಯಿಂದ ಅವಳ ಎಸ್ರ ಒಂದಪಾನೂ ಕೇಳಿಲ್ಲ. ಓದವ್ವ.”

ನಾನು ನೋಡಿದೆ. ಚಿಕ್ಕಯ್ಯನ ಬೇರೆ ಯಾವ ಕೆಲಸದಂತೆಯೂ ಇರಲಿಲ್ಲ. ಗೆರೆ ಎಳೆದು ಮಟ್ಟ ಮಾಡಿರಲಿಲ್ಲ. ಅಕ್ಷರಗಳು ಮಗುವಿನ ಕೈಯಲ್ಲಿ ಹೇಗೆ ಹತ್ತಿ ಇಳಿದಿದ್ದವೋ ಹಾಗೇ ಹತ್ತಿ ಇಳಿದಿದ್ದವು. ಮೊದಲನೆಯದು ದೊಡ್ಡದು, ಕೊನೆಯದಕ್ಕೆ ಜಾಗ ಸಾಲದೆ ಚಿಕ್ಕದು. ಒಂದು ಕಡೆ ಬಳಪ ಜಾರಿ ಎಳೆದ ಬೇಡದ ಗೀಟು, ಅದನ್ನೂ ಬಿಡದೆ ಕೊರೆದಿದ್ದ. ನಡುಗಿದ ಕಡೆ ಉಳಿಯೂ ನಡುಗಿತ್ತು.

ಅಲ್ಲಿ ಬರೆದಿದ್ದದ್ದು: ನಾಳೆ ರಜಾ.

ಆ ಸಂಜೆ ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಮಗು ಸ್ಲೇಟಿಗೆ ಇಳಿಸಿಕೊಂಡು ಬಂದಿರಬೇಕು. ಮನೆಯಲ್ಲಿ ಓದಿ ಹೇಳುವ ಮೊದಲೇ ಜ್ವರ ಬಂದಿರಬೇಕು. ಹತ್ತು ವರ್ಷದಿಂದ ಇದನ್ನು ಕೆಂಚಮ್ಮ ಅಮಾವಾಸ್ಯೆಗೊಮ್ಮೆ ತಿಕ್ಕಿ, ಕಣ್ಣಿಗೊತ್ತಿಕೊಂಡು, ಮತ್ತೆ ಗೂಡಿನಲ್ಲಿಡುತ್ತಿದ್ದಾಳೆ. ಯಾರೂ ಹೇಳಿಲ್ಲ, ಏಕೆಂದರೆ ಓದು ಬಲ್ಲವರಾರೂ ಈ ಬಾಗಿಲೊಳಗೆ ತಲೆ ಬಗ್ಗಿಸಿ ಬಂದಿಲ್ಲ.

ಕೆಂಚಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು.

“ಮಾದಿ,” ಅಂದೆ.

ಅವಳು ಅಳಲಿಲ್ಲ. “ಇನ್ನೊಂದಪ ಅನ್ನವ್ವ,” ಅಂದಳು. ಇನ್ನೊಮ್ಮೆ ಅಂದೆ. ಚಿಕ್ಕಯ್ಯ ಮಾಡಿನ ಗಳುಗಳನ್ನು ನೋಡುತ್ತ ಮಲಗಿದ್ದ, ನಮ್ಮ ಕಡೆ ತಿರುಗಲಿಲ್ಲ.

ಆ ದಿನದಿಂದ ಶಿವಿ ಕೆಂಚಮ್ಮನ ಮಗುವಾದಳು. ಅಮಾವಾಸ್ಯೆ ಬಂತೆಂದರೆ ಕೆಂಚಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಅಂಗಡಿಯ ಮೂಲೆಯಲ್ಲಿ ಬಂದು ನಿಲ್ಲುತ್ತಿದ್ದಳು. ನಾನೂ ಮಗುವೂ ಅವಳ ಹಿಂದೆ ಹೋಗುತ್ತಿದ್ದೆವು. ಹುರಿದ ಕಡಲೆಕಾಯಿ, ಅವರೆಕಾಳು, ಒಮ್ಮೊಮ್ಮೆ ಕಾಡಿನ ಬಾರೆಹಣ್ಣು. ಎಷ್ಟೋ ಸಲದ ಮೇಲೆ ಒಂದು ದಿನ ಬೆಲ್ಲದ ನೀರು ಮಾಡಿ, ಆ ಚೊಂಬಿಗೇ ಹುಯ್ದು, ಮಗುವಿನ ಕೈಗೆ ಕೊಟ್ಟು ನನ್ನ ಮುಖ ನೋಡಿದಳು. ಹತ್ತು ವರ್ಷದಲ್ಲಿ ಅದರಲ್ಲಿ ಯಾರೂ ಏನೂ ಕುಡಿದಿರಲಿಲ್ಲ. ನಾನು ಬೇಡ ಅನ್ನಲಿಲ್ಲ. ಎರಡು ಕೈಯಲ್ಲಿ ಹಿಡಿದು, ಮೂಗು ಮುಳುಗಿಸಿ, ಗಟಗಟ ಕುಡಿದು ಶಿವಿ ತೇಗಿದಳು. ಕೆಂಚಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಈ ಸುದ್ದಿ ತಿಗನಾರೆಗೆ ಹೋಗಲು ತಡವಾಗಲಿಲ್ಲ. ಅತ್ತೆ ಚನ್ನಮಲ್ಲಮ್ಮನವರು ಬಸ್ಸು ಹತ್ತಿ ಬಂದರು. ಕೆಟ್ಟವರಲ್ಲ, ನನ್ನ ಬಾಣಂತನವನ್ನು ತಾಯಿಯಂತೆ ಮಾಡಿದವರು. ಆದರೆ ಜಗಲಿಯಲ್ಲಿ ಶಿವಿ ಚಿಕ್ಕಯ್ಯನನ್ನು ತಾತ ಎಂದು ಕರೆದದ್ದು ಕಿವಿಗೆ ಬಿದ್ದಾಗ ಅವರ ಮುಖ ಗಂಟಿಕ್ಕಿತು. ಮಗುವಿನ ಕೊರಳಲ್ಲಿ ಲಿಂಗ ಇದೆ ಎಂಬುದು ನೆನಪಿದೆಯಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಚಿಕ್ಕಯ್ಯ ತಲೆ ಎತ್ತದೆ ಉಳಿ ಮಸೆಯುತ್ತಿದ್ದ. ಬುತ್ತಿ ತಂದಿದ್ದ ಕೆಂಚಮ್ಮ ಅಲ್ಲೇ ನಿಂತಿದ್ದಳು. ಅತ್ತೆ ಊರಿಗೆ ಮರಳಿದ ಮೇಲೆ ನಾನು ಕೆಂಚಮ್ಮನ ಮನೆಗೆ ಹೋಗುವುದನ್ನು ಬಿಡಲಿಲ್ಲ. ಗಂಡನಿಗೆ ಗೊತ್ತಿತ್ತು, ಅವರು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಕೆಂಚಮ್ಮ ಪ್ರತಿಸಲವೂ ಬಾಗಿಲಲ್ಲಿ ಕೇಳುತ್ತಿದ್ದಳು, ನಿಮ್ಮತ್ತೆ ಬೇಡ ಅಂದಿಲ್ಲ ತಾನೇ ಎಂದು.

ಎಂಬತ್ತೆರಡರ ಜೂನಿನಲ್ಲಿ ಶಿವಿಯನ್ನು ಶಾಲೆಗೆ ಹಾಕಿದೆವು. ದೀಪಾವಳಿಯ ಹೊತ್ತಿಗೆ ಅಕ್ಷರ ಕೂಡಿಸಿ ಓದತೊಡಗಿದಳು. ಯಾವ ತಾಯಿಗೆ ಸಂತೋಷವಾಗುವುದಿಲ್ಲ? ನನಗೂ ಆಯಿತು. ಅಂಗಡಿಯ ಬೋರ್ಡು, ಚಾಮರಾಜನಗರದ ಬಸ್ಸಿನ ಹಣೆ, ಬೆಂಕಿಪೊಟ್ಟಣ, ಸಕ್ಕರೆ ಕಟ್ಟಿದ ಹಳೇ ಪೇಪರು, ಏನು ಸಿಕ್ಕರೂ ಊರಿಗೆಲ್ಲ ಕೇಳುವಂತೆ ಓದುತ್ತಿದ್ದಳು. ಚಿಕ್ಕಯ್ಯ ಕೊರೆದು ಮುಗಿಸಿದ ಪಾತ್ರೆಗಳನ್ನೂ ಓದಿ ಹೇಳುತ್ತಿದ್ದಳು. ಅವನು ಮೂವತ್ತು ವರ್ಷದಿಂದ ಕೊರೆದದ್ದನ್ನು ಮೊದಲ ಸಲ ಕಿವಿಯಲ್ಲಿ ಕೇಳುವವನಂತೆ ತಲೆ ಓರೆ ಮಾಡಿ ಕೇಳುತ್ತಿದ್ದ. ಆದರೆ ಅವನ ಮುಖದಲ್ಲಿ ನಗೆ ಇರಲಿಲ್ಲ. ಕೆಂಚಮ್ಮನ ಚೊಂಬು ನೆನೆದು ನಾನು ಮುಂದಿನ ಅಮಾವಾಸ್ಯೆಗೆ ಉಳಿದ ದಿನ ಎಣಿಸತೊಡಗಿದೆ.

ಕಾರ್ತಿಕದ ಅಮಾವಾಸ್ಯೆಗೆ ಮಗುವಿಗೆ ನೆಗಡಿ ಎಂದು ಹೇಳಿ ಹೋಗಲಿಲ್ಲ. ಮುಂದಿನದಕ್ಕೆ ಕೆಂಚಮ್ಮ ಬೆಳಿಗ್ಗೆಯೇ ಬಂದು ನಿಂತಳು. ಎರಡು ತಿಂಗಳಲ್ಲಿ ಇಳಿದುಹೋಗಿದ್ದಳು. ಹೋದೆವು. ಚೊಂಬನ್ನು ಮಗುವಿಗೆ ಕೊಡುವ ಮೊದಲು ನಾನೇ ತೆಗೆದುಕೊಂಡು, ಅಕ್ಷರದ ಬದಿ ಆಚೆಗಿರುವಂತೆ ತಿರುಗಿಸಿ ಅವಳ ಕೈಗಿಟ್ಟೆ. ಅಕ್ಷರದ ಮೇಲೆ ನನ್ನ ಅಂಗೈ ಮುಚ್ಚಿ ಹಿಡಿದುಕೊಂಡೆ. ಶಿವಿ ಕುಡಿದಳು. ಕುಡಿದು ಕೆಳಗಿಡುವಾಗ ಚೊಂಬು ತಿರುಗಿತು.

“ಅವ್ವಾ, ಇಲ್ಲೂ ಬರ್ದವ್ರೆ. ನಾ...”

ಮೂಲೆಯಲ್ಲಿ ಸುತ್ತಿಗೆಗೆ ಹಿಡಿ ಕೂರಿಸುತ್ತಿದ್ದ ಚಿಕ್ಕಯ್ಯ ಅದನ್ನು ನೆಲಕ್ಕೆ ಬಿಟ್ಟ. ಜಾರಿತೋ ಬಿಟ್ಟನೋ, ಬಿಟ್ಟನೆಂದೇ ನನಗನಿಸಿತು. ಮಗು ಬೆಚ್ಚಿ ಅತ್ತ ನೋಡಿತು. ನಾನು ಅವಳನ್ನು ಎತ್ತಿಕೊಂಡು, ಮನೆಯಲ್ಲಿ ಹಾಲು ಒಲೆಯ ಮೇಲಿದೆ ಎಂದು ಹೇಳಿ ಹೊರಬಿದ್ದೆ.

“ಏನಂತು ಮಗ?” ಎಂದು ಕೆಂಚಮ್ಮ ಕೇಳುತ್ತಿದ್ದದ್ದು ಬೀದಿಯ ತನಕ ಕೇಳಿಸಿತು.

ಮಾರನೆಯ ದಿನ ಶಿವಿ ಶಾಲೆಗೆ ಹೋದ ಮೇಲೆ ಒಂದು ಚೀಟಿ ಕೊಡಲು ಜಗಲಿಗೆ ಹೋದೆ. ರುದ್ರಸ್ವಾಮಿಯವರು ಒಳಗಿದ್ದರು. ಚಿಕ್ಕಯ್ಯ ಒಂದು ಕೊಳಗಕ್ಕೆ ಸುಣ್ಣ ಬಳಿಯುತ್ತಿದ್ದ. ಚೀಟಿ ತೆಗೆದುಕೊಂಡ, ಚುಕ್ಕೆ ನೋಡಿದ, ಪಕ್ಕಕ್ಕಿಟ್ಟ.

“ಅವತ್ತು ನೀವು ಮಾದಿ ಅಂತ ಓದುದ್ರಿ. ಓದಾಕೆ ಮುಂಚೆ ಒಂದು ಗಳಿಗೆ ನಿಂತ್ಕಂಡ್ರಿ,” ಅಂದ. “ಆ ಎಸ್ರು ಓದಾಕೆ ಅಷ್ಟೊತ್ತು ಬ್ಯಾಡ ಕಣವ್ವ.”

ನಾನು ಜಗಲಿಯ ಅಂಚಿನಲ್ಲಿ ಕೂತೆ. ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

ಗೊತ್ತಾಗಿ ಎಷ್ಟೋ ವರ್ಷವಾಯಿತಂತೆ. ಚೊಂಬು ಕೊರೆದ ಮೂರನೆಯ ವರ್ಷ. ಈ ಸೀಮೆಯಲ್ಲಿ ಅರ್ಧ ಜನ ಮಾದಪ್ಪನ ಹೆಸರಿನವರು. ಮಾದಪ್ಪ, ಮಾದಮ್ಮ, ಮಾದಯ್ಯ, ದೊಡ್ಡಮಾದಮ್ಮ. ಕೊರೆಸಲು ಬಂದವರು ಬಾಯಲ್ಲಿ ಹೆಸರು ಹೇಳುತ್ತಾರೆ, ಅವನ ಕೈ ಗೆರೆ ಕೊರೆಯುತ್ತದೆ. ಓದು ಬಾರದಿದ್ದರೂ ಕೈಗೆ ಒಂದು ನೆನಪಿರುತ್ತದೆ. ಮಾದ ಎಂದವರ ಪಾತ್ರೆಗೆಲ್ಲ ಅದೇ ದುಂಡು ಹೊಟ್ಟೆ, ಅದೇ ಬಲಕ್ಕೆ ಬಾಗಿದ ಬಾಲ. ಒಂದು ದಿನ ಯಾರದೋ ಕೊಪ್ಪರಿಗೆಗೆ ಆ ಅಕ್ಷರ ಕೊರೆಯುತ್ತಿರುವಾಗ, ಮಗಳ ಚೊಂಬಿನ ಮೇಲೆ ಇದು ಇಲ್ಲವಲ್ಲ ಎಂದು ಕೈ ನಿಂತುಬಿಟ್ಟಿತಂತೆ. ಮನೆಗೆ ಹೋಗಿ ಬೆರಳಾಡಿಸಿ ನೋಡಿದ. ಇರಲಿಲ್ಲ.

“ಕೆಂಚಿಗೆ ಏಳ್ನಿಲ್ಲ. ಏಳುದ್ರೆ ಅವಳು ಎರಡ್ನೇ ಸಲ ಮಣ್ಣು ಮಾಡ್ಬೇಕಾಯ್ತದೆ.”

ಅದರಲ್ಲಿ ಏನಿದೆ ಎಂದು ನಿನಗೊಬ್ಬನಿಗೇ ಹೇಳಲೇ ಎಂದೆ. ಅವನು ಸುಣ್ಣದ ಬಟ್ಟೆ ಹಿಂಡಿದ.

“ಬ್ಯಾಡ ಕಣವ್ವ. ಏನೋ ಒಂದು ಬರ್ದವ್ಳೆ, ಬರ್ದಿರೋಳು ಅವಳೇ. ಗೊತ್ತಾದ್ರೆ ಆಮೇಲೆ ಅದು ಅದೇ ಆಗೋಯ್ತದೆ.”

ನಾನು ಬೇರೆ ಚೊಂಬಿಗೆ ಅವಳ ಹೆಸರನ್ನೇ ಬರೆದುಕೊಡುತ್ತೇನೆ, ಇದನ್ನು ತೆಗೆದು ಅದನ್ನಿಡು ಎಂದೆ. ಹೆಣ್ಣುಮಕ್ಕಳ ಬುದ್ಧಿ, ಮುರಿದದ್ದನ್ನು ಹೇಗಾದರೂ ಸರಿಮಾಡಬೇಕೆನಿಸುತ್ತದೆ. ಅವನು ತಲೆಯಾಡಿಸಿದ. ಬಳಪ ಜಾರಿದ ಗೀಟು ಎಲ್ಲಿದೆ ಎಂದು ಕೆಂಚಿಯ ಬೆರಳಿಗೆ ಗೊತ್ತು, ಅಂದ. ಮಗಳ ಕೈಯದು ಯಾವುದು, ಬೇರೆಯವರದು ಯಾವುದು ಎಂದು ಕತ್ತಲೆಯಲ್ಲೂ ಹೇಳುತ್ತಾಳಂತೆ. ಚೊಂಬನ್ನು ಬಚ್ಚಿಟ್ಟರೆ ಊಟ ಬಿಡುತ್ತಾಳೆ. ಮಗುವಿಗೆ ಓದಬೇಡ ಎಂದು ಹೇಳಿ ನೋಡುತ್ತೇನೆ ಎಂದೆ. ಹೊಸದಾಗಿ ಓದು ಬಂದ ಮಗುವಿಗೆ ಹಾಗೆ ಹೇಳಬಾರದು ಎಂದು ಅವನೇ ನನ್ನನ್ನು ತಡೆದ. ಮಾದಿಯೂ ಹಾಗೇ ಇದ್ದಳಂತೆ, ಹಾದಿಯ ಕಲ್ಲನ್ನೂ ಬಿಡದೆ ಓದುತ್ತಿದ್ದಳಂತೆ.

ಆಮೇಲೆ ಕೊಳಗವನ್ನು ಸಿಂಬೆಯ ಮೇಲೆ ಮಲಗಿಸಿ, ಬಾರಿನೊಳಗೆ ಪಾದ ತೂರಿಸಿದ. ಬಿಗಿ ಮಾಡಲಿಲ್ಲ.

“ಒಂದು ಕೇಳ್ಕತೀನಿ ಅವ್ವಾರೆ, ಇಲ್ಲ ಅನ್ಬ್ಯಾಡಿ,” ಅಂದ. “ಇನ್ಮೇಲೆ ಮಗೀನ ನಮ್ಮನೆಗೆ ಕರ್ಕಂಡು ಬರ್ಬ್ಯಾಡಿ. ಕೆಂಚಿ ಬಂದು ಕೇಳ್ತಾಳೆ, ಕೇಳ್ದೆ ಬುಡಾಕಿಲ್ಲ. ಕೇಳುದ್ರೆ ನಿಮ್ಮತ್ತೆ ಬ್ಯಾಡ ಅಂದ್ರು ಅನ್ನಿ. ಅದಾದ್ರೆ ಅವಳು ನಂಬ್ತಾಳೆ.”